ಗೊತ್ತಿಲ್ಲದ ದೇಶಕ್ಕೆ ಹೊರಡುವ ಮೊದಲು: ಖುಷಿ ಎಷ್ಟು, ಕಷ್ಟ ಎಷ್ಟು, ತೂಗಿ ನೋಡುವುದು ಹೇಗೆ?

ಗೊತ್ತಿಲ್ಲದ ದೇಶಕ್ಕೆ ಹೋಗಬೇಕು ಅಂತ ಆಸೆ ಇರುತ್ತದೆ, ಜೊತೆಗೇ ಭಯವೂ ಇರುತ್ತದೆ. ಹೋಗಿ ಬಂದವರನ್ನು ಕೇಳಿದರೆ ಒಬ್ಬರು ಸ್ವರ್ಗ ಅನ್ನುತ್ತಾರೆ, ಇನ್ನೊಬ್ಬರು ಸಾಕಪ್ಪಾ ಸಾಕು ಅನ್ನುತ್ತಾರೆ. ಇಬ್ಬರೂ ಹೋಗಿದ್ದು ಅದೇ ಊರಿಗೆ, ಅದೇ ತಿಂಗಳಲ್ಲಿ. ಹೆಚ್ಚಿನ ಸಲ ವ್ಯತ್ಯಾಸ ಆಗುವುದು ತಯಾರಿಯಲ್ಲಿ. ಯಾವ ಕಷ್ಟವನ್ನು ಮನೆಯಲ್ಲೇ ಮುಗಿಸಿ ಹೊರಟರು, ಯಾವುದನ್ನು ಅಲ್ಲಿಯವರೆಗೆ ಹೊತ್ತುಕೊಂಡು ಹೋದರು ಅನ್ನುವುದು ಮುಖ್ಯ.

ನನ್ನ ಅಭಿಪ್ರಾಯ ಇಷ್ಟು. ಅಪರಿಚಿತ ದೇಶದಲ್ಲಿ ಖುಷಿ ಕೊಡುವುದೂ ಸುಸ್ತು ಮಾಡುವುದೂ ಒಂದೇ ಸಂಗತಿ: ಅಲ್ಲಿ ನಮಗೆ ಏನೂ ಗೊತ್ತಿರುವುದಿಲ್ಲ. ಕಾಗದಪತ್ರ, ದುಡ್ಡು, ಆರೋಗ್ಯ, ಮೊದಲ ರಾತ್ರಿ ಮಲಗುವ ಜಾಗ, ಈ ನಾಲ್ಕರಲ್ಲಿ ಗೊತ್ತಿಲ್ಲದ್ದು ಏನೂ ಉಳಿಯಬಾರದು. ಇವುಗಳಲ್ಲಿ ಎದುರಾಗುವ ಅಚ್ಚರಿ ಯಾವಾಗಲೂ ಕೆಟ್ಟ ಅಚ್ಚರಿಯೇ. ಬೀದಿ, ಜನ, ಭಾಷೆ, ದಿನ ಕಳೆಯುವ ರೀತಿ, ಇವುಗಳಲ್ಲಿ ಗೊತ್ತಿಲ್ಲದ್ದು ಬೇಕಾದಷ್ಟು ಇರಲಿ. ಅದಕ್ಕೇ ಅಲ್ವಾ ಹೋಗುವುದು? ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಎಷ್ಟು ಗಂಟೆಗೆ ಯಾವ ಜಾಗ ಅಂತ ಉದ್ದದ ಪಟ್ಟಿ ಮಾಡಿರುತ್ತಾರೆ, ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ ಅಂತ ನೋಡಿರುವುದಿಲ್ಲ.

ಹೆಜ್ಜೆ 1: ಏನು ಬೇಕು, ಯಾವುದಕ್ಕೆ ಹೆದರಿಕೆ ಅಂತ ಬರೆದುಕೊಳ್ಳಿ

ಟಿಕೆಟ್ ದರ ನೋಡುವ ಮೊದಲೇ ಒಂದು ಹಾಳೆ ತೆಗೆದುಕೊಳ್ಳಿ. ಈ ಪ್ರವಾಸದಿಂದ ನಿಮಗೆ ಏನು ಬೇಕು ಅಂತ ಒಂದೇ ಸಾಲು ಬರೆಯಿರಿ. "ಜಗತ್ತು ನೋಡಬೇಕು" ಅಂದರೆ ಅದು ಸಾಲದು. "ಹಿಮಾಲಯವಲ್ಲದ ಬೇರೆ ದೊಡ್ಡ ಬೆಟ್ಟಗಳನ್ನು ನಡೆದು ನೋಡಬೇಕು", "ದೊಡ್ಡ ಚಿತ್ರಶಾಲೆಗಳಲ್ಲಿ ವಾರ ಕಳೆಯಬೇಕು", "ಯಾರೂ ನನ್ನನ್ನು ಗುರುತಿಸದ ಊರಲ್ಲಿ ಸುಮ್ನೆ ಇರಬೇಕು", ಹೀಗೆ ಖಚಿತವಾಗಿರಲಿ. ಜೊತೆಗೆ ಬರುವವರಿದ್ದರೆ ಅವರೂ ಬೇರೆ ಹಾಳೆಯಲ್ಲಿ ಬರೆಯಲಿ, ಒಬ್ಬರದ್ದನ್ನು ಒಬ್ಬರು ನೋಡದೆ. ಒಬ್ಬರಿಗೆ ನಡಿಗೆ ಬೇಕು, ಇನ್ನೊಬ್ಬರಿಗೆ ವಿಶ್ರಾಂತಿ ಬೇಕು ಅಂತ ಮನೆಯಲ್ಲೇ ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಅದರ ಕೆಳಗೆ ಹೆದರಿಕೆಗಳನ್ನೆಲ್ಲ ಬರೆಯಿರಿ. ನಾಚಿಕೆ ಬೇಡ. ದಾರಿ ತಪ್ಪುತ್ತೇನೆ, ಭಾಷೆ ಬರುವುದಿಲ್ಲ, ಕಾಯಿಲೆ ಬಿದ್ದರೆ, ಮೋಸ ಹೋದರೆ, ಒಂಟಿ ಅನಿಸಿದರೆ. ಈಗ ಒಂದೊಂದರ ಮುಂದೆಯೂ ಒಂದು ಗುರುತು ಹಾಕಿ. ಇದನ್ನು ಮನೆಯಲ್ಲೇ ಬಗೆಹರಿಸಬಹುದಾ? ಅಲ್ಲಿ ಸ್ವಲ್ಪ ದುಡ್ಡು ಕೊಟ್ಟರೆ ಬಗೆಹರಿಯುತ್ತದಾ? ಇಲ್ಲ, ಸಹಿಸಿಕೊಳ್ಳಲೇಬೇಕಾ? ಹೆಚ್ಚಿನ ಹೆದರಿಕೆಗಳು ಮೊದಲ ಎರಡು ಗುಂಪಿಗೆ ಹೋಗಿಬಿಡುತ್ತವೆ. ಸಹಿಸಿಕೊಳ್ಳಬೇಕಾದ ಗುಂಪಿನಲ್ಲಿ ಉಳಿದದ್ದನ್ನು ಮಾತ್ರ ನಿಮ್ಮ ಆಸೆಯ ಸಾಲಿನ ಪಕ್ಕ ಇಟ್ಟು ನೋಡಿ. ಆ ಸಾಲಿಗಾಗಿ ಇಷ್ಟು ಸಹಿಸಲು ನೀವು ತಯಾರಿದ್ದೀರಾ? ನಿಜವಾದ ತೂಕ ಇದೊಂದೇ.

ಒಂದು ವಿಷಯ ನೇರವಾಗಿ ಹೇಳಬೇಕು. ಒಂದೇ ದೇಶ ಎಲ್ಲರಿಗೂ ಒಂದೇ ತರಹ ಇರುವುದಿಲ್ಲ. ಒಬ್ಬಳೇ ಹೋಗುವ ಹೆಣ್ಣಿಗೆ, ಗಾಲಿಕುರ್ಚಿ ಬಳಸುವವರಿಗೆ, ಚಿಕ್ಕ ಮಗು ಇರುವವರಿಗೆ, ಅಲ್ಲಿನವರಿಗಿಂತ ಬೇರೆ ಮೈಬಣ್ಣದವರಿಗೆ ಅನುಭವ ಬೇರೆಯೇ ಆಗಬಹುದು. ಹಾಗಾಗಿ ಯಾರೋ ಒಬ್ಬರು "ಏನೂ ತೊಂದರೆ ಇಲ್ಲ, ಹೋಗಿ" ಅಂದದ್ದನ್ನು ನಂಬಿ ಹೊರಡಬೇಡಿ. ನಿಮ್ಮಂಥವರು, ನಿಮ್ಮ ವಯಸ್ಸಿನವರು ಹೋಗಿ ಬಂದು ಹೇಳಿದ್ದನ್ನು ಹುಡುಕಿ ಓದಿ. ಒಂದು ಒಳ್ಳೆಯ ಮಾತು, ಒಂದು ಕೆಟ್ಟ ಮಾತು ಓದಿ ನಿಲ್ಲಿಸಬೇಡಿ. ಹತ್ತಾರು ಓದಿದ ಮೇಲೆ ಪದೇಪದೇ ಬರುವ ದೂರು ಯಾವುದು ಅಂತ ತಾನಾಗಿಯೇ ಕಾಣುತ್ತದೆ.

ಹೆಜ್ಜೆ 2: ದೇಶ ನಿಮಗೆ ಎಷ್ಟು ಹೊಸದು ಅಂತ ಅಳೆಯಿರಿ

"ಅಪರಿಚಿತ" ಅನ್ನುವುದರಲ್ಲಿ ಹಲವು ಪದರ ಇವೆ. ಮಾತು ಬರುವುದಿಲ್ಲ ಅನ್ನುವುದು ಒಂದು. ಲಿಪಿಯನ್ನೇ ಓದಲಾಗುವುದಿಲ್ಲ ಅನ್ನುವುದು ಇನ್ನೊಂದು, ಅದು ಜಾಸ್ತಿ ಕಷ್ಟ. ವಾಹನಗಳು ರಸ್ತೆಯ ಇನ್ನೊಂದು ಬದಿಯಲ್ಲಿ ಓಡುತ್ತವೆ. ಹವೆ ಬೇರೆ. ಎತ್ತರ ಬೇರೆ. ಫೋನಿನಲ್ಲಿ ನಾವು ನಂಬಿಕೊಂಡ ಆ್ಯಪ್‌ಗಳು ಅಲ್ಲಿ ನಡೆಯದೇ ಇರಬಹುದು. ಚೀನಾದಲ್ಲಿ ಗೂಗಲ್ ಸೇವೆಗಳೂ ವಾಟ್ಸ್ಆ್ಯಪ್ಪೂ ಸಾಮಾನ್ಯ ಇಂಟರ್ನೆಟ್‌ನಲ್ಲಿ ಸಿಗುವುದಿಲ್ಲ. ಅಲ್ಲಿಗೆ ಹೋಗುವವರು ನಕ್ಷೆ, ಅನುವಾದ, ಮನೆಯವರ ಜೊತೆ ಮಾತು, ಮೂರಕ್ಕೂ ಬೇರೆ ದಾರಿ ಮೊದಲೇ ನೋಡಿಕೊಂಡಿರಬೇಕು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು: ಈ ಪದರಗಳಲ್ಲಿ ಎರಡಕ್ಕಿಂತ ಜಾಸ್ತಿ ಒಟ್ಟಿಗೆ ಬೇಡ. ಲಿಪಿ ಹೊಸದಾದರೆ ಪರವಾಗಿಲ್ಲ, ರೈಲು ಬಸ್ಸು ಚೆನ್ನಾಗಿರುವ ದೇಶ ಆರಿಸಿಕೊಳ್ಳಿ. ಬೆಟ್ಟದ ಮೇಲಿನ ದೇಶವಾದರೆ ಭಾಷೆಯಾದರೂ ಸ್ವಲ್ಪ ಗೊತ್ತಿರಲಿ. ಬೊಲಿವಿಯಾದ ಲಾ ಪಾಜ್ ನಗರಕ್ಕೆ ವಿಮಾನದಲ್ಲಿ ಹೋದರೆ ಇಳಿಯುವ ಎಲ್ ಆಲ್ಟೊ ನಿಲ್ದಾಣವೇ 4,000 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಇಳಿದ ತಕ್ಷಣ ತಲೆನೋವು, ಏದುಸಿರು ಶುರುವಾದರೆ ಸ್ಪ್ಯಾನಿಷ್ ಬರದಿರುವುದು ಎರಡು ಪಟ್ಟು ಕಷ್ಟ ಅನಿಸುತ್ತದೆ. ಅದೇ ಊರಿಗೆ ಕೆಳಗಿನ ಊರುಗಳಿಂದ ನಿಧಾನವಾಗಿ ಹತ್ತಿಕೊಂಡು ಬಂದರೆ ಕಥೆಯೇ ಬೇರೆ.

ತಿಂಗಳನ್ನೂ ನೋಡಿ. ಭೂಮಿಯ ದಕ್ಷಿಣ ಅರ್ಧದಲ್ಲಿ ಜುಲೈ ಅಂದರೆ ಚಳಿಗಾಲ. ಉತ್ತರ ತುದಿಯ ದೇಶಗಳಲ್ಲಿ ಡಿಸೆಂಬರ್‌ನಲ್ಲಿ ಹಗಲು ಕೆಲವೇ ಗಂಟೆ. ಅಗ್ಗದ ಟಿಕೆಟ್ ಅಗ್ಗವಾಗಿರುವುದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ.

ಹೆಜ್ಜೆ 3: ಕಾಗದಪತ್ರ

ಇದು ಬೇಸರದ ಕೆಲಸ, ಆದರೆ ಇಲ್ಲಿ ಬಿಟ್ಟ ಒಂದು ಸಾಲು ಇಡೀ ಪ್ರವಾಸವನ್ನೇ ನಿಲ್ಲಿಸುತ್ತದೆ. ಅನೇಕ ದೇಶಗಳು ಪಾಸ್‌ಪೋರ್ಟ್ ಇನ್ನೂ 6 ತಿಂಗಳು ಚಾಲ್ತಿಯಲ್ಲಿರಬೇಕು ಅನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಹೋಗುವ ಹೊರಗಿನವರ ಪಾಸ್‌ಪೋರ್ಟ್ ಕಳೆದ 10 ವರ್ಷಗಳ ಒಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಅವಧಿ ಉಳಿದಿರಬೇಕು. ಅಲ್ಲಿ ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ 90 ದಿನ. ಒಳಗೆ ಬಂದ ದಿನ, ಹೊರಗೆ ಹೋದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಪ್ಯಾರಿಸ್‌ನಿಂದ ಲಂಡನ್ನಿಗೆ ಹೋಗಿ ಮತ್ತೆ ಪ್ಯಾರಿಸ್‌ಗೆ ಬರಲು ಆಗುವುದಿಲ್ಲ, ಏಕೆಂದರೆ ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ. ಮಧ್ಯದಲ್ಲಿ ವಿಮಾನ ಬದಲಿಸುವ ದೇಶಕ್ಕೂ ಟ್ರಾನ್ಸಿಟ್ ವೀಸಾ ಬೇಕಾಗಬಹುದು. ಅದನ್ನು ಮರೆಯುವವರು ಜಾಸ್ತಿ.

ಇವನ್ನೆಲ್ಲ ಮೊದಲು ನೋಡುವುದು ಆ ದೇಶದ ಅಧಿಕಾರಿಯಲ್ಲ, ನಿಮ್ಮ ವಿಮಾನ ಸಂಸ್ಥೆಯ ಕೌಂಟರ್‌ನಲ್ಲಿ ಕೂತವರು. ಸರಿಯಾದ ಕಾಗದ ಇಲ್ಲದವರನ್ನು ಕರೆದೊಯ್ದರೆ ಸಂಸ್ಥೆಗೇ ದಂಡ ಬೀಳುತ್ತದೆ, ಅದಕ್ಕೇ ಅವರು ಅಷ್ಟು ಬಿಗಿ. ವಾಪಸ್ ಟಿಕೆಟ್ ತೋರಿಸಿ ಅಂದರೆ ತೋರಿಸುವಂತಿರಬೇಕು.

ಫಾರ್ಮ್ ತುಂಬುವಾಗ ದಿನಾಂಕದ ಕ್ರಮ ನೋಡಿ. ಅಮೆರಿಕದಲ್ಲಿ ತಿಂಗಳು ಮೊದಲು, ಜಪಾನಿನಲ್ಲಿ ವರ್ಷ ಮೊದಲು. 03/04 ಅಂದರೆ ಮಾರ್ಚ್ 4 ಆಗಬಹುದು, ಏಪ್ರಿಲ್ 3 ಕೂಡ ಆಗಬಹುದು.

ಗಾಡಿ ಓಡಿಸುವ ಯೋಚನೆ ಇದ್ದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ವಿಚಾರಿಸಿ. ಅದು 1949ರ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಒಂದು, 1968ರ ಒಪ್ಪಂದದ ಪ್ರಕಾರ ಇನ್ನೊಂದು ಇದೆ. ಜಪಾನ್ ಒಪ್ಪುವುದು 1949ರದ್ದನ್ನು ಮಾತ್ರ. ಪರ್ಮಿಟ್ ಜೊತೆ ನಿಮ್ಮ ಮೂಲ ಲೈಸೆನ್ಸ್ ಕೂಡ ಇರಲೇಬೇಕು.

ವಿಮೆ ಮಾಡಿಸಿ, ಮತ್ತು ಅದರ ಕಾಗದವನ್ನು ನಿಜವಾಗಿ ಓದಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕೇಳುತ್ತಾರೆ. ಬೇರೆ ಅನೇಕ ಕಡೆ ಯಾರೂ ಕೇಳುವುದಿಲ್ಲ, ಆದರೂ ಬೇಕು. ಓದಬೇಕಾದದ್ದು ಮೂರು: ಮೊದಲೇ ಇರುವ ಕಾಯಿಲೆ ಸೇರಿದೆಯಾ, ಬೈಕ್ ಸ್ಕೂಟರ್ ಅಪಘಾತ ಸೇರಿದೆಯಾ, ದೂರದ ಜಾಗದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ. ಪ್ರವಾಸಿಗರು ಬಾಡಿಗೆ ಸ್ಕೂಟರ್‌ನಿಂದ ಬೀಳುವುದು ಮಾಮೂಲಿ. ಆ ಗಾಡಿ ಓಡಿಸುವ ಲೈಸೆನ್ಸ್ ಇಲ್ಲದೆ ಬಿದ್ದರೆ ವಿಮೆ ಸಾಮಾನ್ಯವಾಗಿ ಕೈ ಎತ್ತಿಬಿಡುತ್ತದೆ.

ಹೆಜ್ಜೆ 4: ದುಡ್ಡು

ಎರಡು ಕಾರ್ಡ್ ಇರಲಿ, ಬೇರೆ ಬೇರೆ ಜಾಲದವು (ಒಂದು ವೀಸಾ ಕಾರ್ಡ್ ಆದರೆ ಇನ್ನೊಂದು ಮಾಸ್ಟರ್‌ಕಾರ್ಡ್), ಬೇರೆ ಬೇರೆ ಚೀಲದಲ್ಲಿ. ಸ್ವಲ್ಪ ನಗದು ಮೂರನೇ ಜಾಗದಲ್ಲಿ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ತೆರೆದಿದೆಯಾ ನೋಡಿ. ಬ್ಯಾಂಕಿನ ಒಟಿಪಿ ಬರುವ ಸಿಮ್ ಅಲ್ಲಿ ಕೆಲಸ ಮಾಡುತ್ತದಾ ಅಂತಲೂ ಖಚಿತ ಮಾಡಿಕೊಳ್ಳಿ. ಒಟಿಪಿ ಬರದಿದ್ದರೆ ಖಾತೆಯಲ್ಲಿ ದುಡ್ಡಿದ್ದೂ ಇಲ್ಲದಂತೆ.

ಎಟಿಎಂ ಮುಂದೆ ನಿಂತಾಗ ಒಂದು ಪರದೆ ಬರುತ್ತದೆ, ಅದನ್ನು ಮೊದಲೇ ಗುರುತು ಹಿಡಿಯಲು ಕಲಿಯಿರಿ. ಪಿನ್ ಒತ್ತಿ ಮೊತ್ತ ಹೇಳಿದ ಮೇಲೆ ಯಂತ್ರ ಕೇಳುತ್ತದೆ: ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲಾ? ಪಕ್ಕದಲ್ಲಿ ನಿಮಗೆ ಪರಿಚಯವಿರುವ ಕರೆನ್ಸಿಯಲ್ಲಿ ಒಂದು ಮೊತ್ತ. "ಒಪ್ಪಿಗೆ" ಗುಂಡಿ ದೊಡ್ಡದಾಗಿ ಹಸಿರಾಗಿರುತ್ತದೆ, "ಬೇಡ" ಚಿಕ್ಕದಾಗಿರುತ್ತದೆ. ಹಿಂದೆ ಜನ ಕಾಯುತ್ತಿರುತ್ತಾರೆ. ಬೇಡ ಅಂದರೆ ದುಡ್ಡೇ ಬರುವುದಿಲ್ಲವೇನೋ ಅನಿಸುತ್ತದೆ. ಧೈರ್ಯವಾಗಿ ಬೇಡ ಅನ್ನಿ, ದುಡ್ಡು ಬರುತ್ತದೆ. ಆ ಲೆಕ್ಕದಲ್ಲಿ ಯಂತ್ರದವರು ತಮ್ಮ ದರ ಹಾಕಿ ಲಾಭ ಸೇರಿಸಿರುತ್ತಾರೆ. ಅಂಗಡಿಯ ಕಾರ್ಡ್ ಯಂತ್ರವೂ ಇದನ್ನೇ ಕೇಳುತ್ತದೆ. ಯಾವಾಗಲೂ ಸ್ಥಳೀಯ ಹಣವನ್ನೇ ಆರಿಸಿ.

ಖರ್ಚಿನ ಅಂದಾಜು ಮಾಡುವಾಗ ಕಷ್ಟ ತಪ್ಪಿಸುವುದಕ್ಕೆ ಅಂತಲೇ ಒಂದು ಪಾಲು ಬೇರೆ ಇಡಿ. ರಾತ್ರಿ ತಡವಾದರೆ ಟ್ಯಾಕ್ಸಿ, ಸುಸ್ತಾದ ದಿನ ಸ್ವಲ್ಪ ಒಳ್ಳೆಯ ರೂಮು, ತಪ್ಪಿಹೋದ ಬಸ್ಸಿಗೆ ಬದಲಿ ಟಿಕೆಟ್. ಈ ದುಡ್ಡು ಖರ್ಚಾದರೆ ಬೇಜಾರು ಮಾಡಿಕೊಳ್ಳಬಾರದು, ಇಟ್ಟಿದ್ದೇ ಅದಕ್ಕೆ. ಒಂದೊಂದು ರೂಪಾಯಿ ಉಳಿಸಲು ಹೋಗಿ ರಾತ್ರಿ ಹೊತ್ತು ಗೊತ್ತಿಲ್ಲದ ಬೀದಿಯಲ್ಲಿ ಸೂಟ್‌ಕೇಸ್ ಎಳೆಯುವುದು ಉಳಿತಾಯವೇ ಅಲ್ಲ.

ಹೆಜ್ಜೆ 5: ದೇಹಕ್ಕೆ ಏನೇನು ಬೇಕು

ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಪೂರ್ತಿ ಪ್ರವಾಸಕ್ಕೆ ಬೇಕಾದಷ್ಟು, ಮೇಲೆ ಒಂದು ವಾರದ್ದು, ಕೈಚೀಲದಲ್ಲಿ ಇರಲಿ. ಲಗೇಜಿಗೆ ಹಾಕಬೇಡಿ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಔಷಧಗಳಿಗೆ ಜಗತ್ತಿಗೆಲ್ಲ ಒಂದೇ ಹೆಸರು ಇಡುತ್ತಾ ಬಂದಿದೆ. ಹಾಗಾಗಿ ಬ್ರ್ಯಾಂಡ್ ಗೊತ್ತಿಲ್ಲದ ಔಷಧ ಅಂಗಡಿಯವರಿಗೂ ಆ ಹೆಸರು ಗೊತ್ತಿರುತ್ತದೆ. ಅಪರೂಪಕ್ಕೆ ಅದೂ ಬದಲಾಗುತ್ತದೆ: ನಾವು ಪ್ಯಾರಸಿಟಮಾಲ್ ಅನ್ನುವುದನ್ನು ಅಮೆರಿಕದಲ್ಲಿ ಅಸಿಟಮಿನೊಫೆನ್ ಅನ್ನುತ್ತಾರೆ.

ನಿಮ್ಮ ಮಾತ್ರೆ ಆ ದೇಶದ ಕಾನೂನಿನಲ್ಲಿ ನಡೆಯುತ್ತದಾ ಅಂತ ವಿಚಾರಿಸುವುದು ಇನ್ನೂ ಮುಖ್ಯ. ಮನೆಯಲ್ಲಿ ಮಾಮೂಲಿಯಾದ ಕೆಲವು ನೆಗಡಿ ಮಾತ್ರೆಗಳಲ್ಲಿ ಸೂಡೊಎಫೆಡ್ರಿನ್ ಇರುತ್ತದೆ. ಅದರ ಪ್ರಮಾಣ ಶೇ 10 ದಾಟಿದ ಔಷಧವನ್ನು ಜಪಾನಿಗೆ ಒಯ್ಯುವಂತಿಲ್ಲ. ಟ್ರಮಡಾಲ್, ಕೊಡೀನ್‌ನಂಥ ನೋವಿನ ಔಷಧಗಳಿಗೆ ಯುಎಇಯಲ್ಲಿ ಮೊದಲೇ ಅನುಮತಿ ಪಡೆಯಬೇಕು. ಇ-ಸಿಗರೇಟು ಸಿಂಗಪುರ, ಥಾಯ್ಲೆಂಡ್ ಎರಡರಲ್ಲೂ ನಿಷಿದ್ಧ. "ಗೊತ್ತಿರಲಿಲ್ಲ" ಅಂದರೆ ಯಾರೂ ಕೇಳುವುದಿಲ್ಲ.

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಯೆಲ್ಲೋ ಫೀವರ್ ಲಸಿಕೆಯ ಸರ್ಟಿಫಿಕೇಟ್ ಬೇಕು. ಲಸಿಕೆ ಹಾಕಿಸಿಕೊಂಡು 10 ದಿನ ಆದ ಮೇಲಷ್ಟೇ ಅದು ಚಾಲ್ತಿಗೆ ಬರುತ್ತದೆ. 2016ರಿಂದ ಅದು ಜೀವಮಾನಕ್ಕೆ ಸಾಕು. ಹೊರಡುವ ಹಿಂದಿನ ವಾರ ನೆನಪಾದರೆ ಪ್ರಯೋಜನ ಇಲ್ಲ.

ಎತ್ತರದ ತೊಂದರೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಶುರು. 3,000 ಮೀಟರ್ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಂದು ದಿನ ಮೇಲೇರದೆ ನಿಲ್ಲಿ. ಗಟ್ಟಿಮುಟ್ಟಾದ ಯುವಕರಿಗೂ ಇದು ಬರುತ್ತದೆ. ಲಕ್ಷಣ ಜಾಸ್ತಿಯಾದರೆ ಕೆಳಗೆ ಇಳಿಯುವುದೇ ಮದ್ದು, ಕಾಯಬಾರದು.

ಜೆಟ್‌ಲ್ಯಾಗ್ (ದೂರದ ದೇಶದ ಸಮಯಕ್ಕೆ ದೇಹ ಹೊಂದದೆ ನಿದ್ದೆ ಕೆಡುವುದು) ಬಗ್ಗೆ ಚಿಕ್ಕದಾಗಿ: ಪೂರ್ವಕ್ಕೆ ಹಾರಿದರೆ ಜಾಸ್ತಿ ಕಾಡುತ್ತದೆ. ನಮ್ಮ ದೇಹದ ಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದ. ಅದಕ್ಕೆ ದಿನವನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ. ಸುಮಾರು ದಿನಕ್ಕೆ ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ. ಎಂಟು ಗಂಟೆ ವ್ಯತ್ಯಾಸದ ದೇಶಕ್ಕೆ ಐದು ದಿನಕ್ಕೆ ಹೋಗುವುದು ನನ್ನ ಪ್ರಕಾರ ಕೆಟ್ಟ ಲೆಕ್ಕ. ದೇಹ ಅಲ್ಲಿಗೆ ತಲುಪುವ ಹೊತ್ತಿಗೆ ನೀವು ವಾಪಸ್ ಹೊರಟಿರುತ್ತೀರಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಅಲ್ಲ. 100 ವ್ಯಾಟ್-ಅವರ್ ತನಕ ಸಾಮಾನ್ಯವಾಗಿ ಅನುಮತಿ ಕೇಳಬೇಕಿಲ್ಲ. ಮಾಮೂಲಿ 20,000 ಎಂಎಎಚ್‌ನದ್ದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ಜಪಾನಿನಲ್ಲಿ ವಿದ್ಯುತ್ 100 ವೋಲ್ಟ್, ಅಮೆರಿಕದಲ್ಲಿ 120. ಫೋನ್ ಚಾರ್ಜರ್ ಮೇಲೆ 100-240 ಅಂತ ಬರೆದಿದ್ದರೆ ಪಿನ್ ಅಡಾಪ್ಟರ್ ಸಾಕು.

ಹೆಜ್ಜೆ 6: ಮೊದಲ ಇಪ್ಪತ್ತನಾಲ್ಕು ಗಂಟೆ

ಪ್ರವಾಸದ ಅತಿ ಕೆಟ್ಟ ತೀರ್ಮಾನಗಳು ಮೊದಲ ದಿನವೇ ಆಗುತ್ತವೆ. ನಿದ್ದೆ ಇಲ್ಲ, ಹಣದ ಬೆಲೆ ತಲೆಗೆ ಹತ್ತಿಲ್ಲ, ಕೈಯಲ್ಲಿ ಭಾರದ ಚೀಲ. ನಿಲ್ದಾಣದ ಬಾಗಿಲಲ್ಲಿ "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಮುತ್ತಿಕೊಳ್ಳುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಹಾಗಾಗಿ ಆ ದಿನ ನೀವು ಯಾವ ತೀರ್ಮಾನವನ್ನೂ ಮಾಡಬೇಕಾಗದ ಹಾಗೆ ಮನೆಯಲ್ಲೇ ವ್ಯವಸ್ಥೆ ಮಾಡಿ.

ಆದಷ್ಟು ಹಗಲಲ್ಲಿ ಇಳಿಯುವ ವಿಮಾನ ನೋಡಿ, ಸ್ವಲ್ಪ ದುಬಾರಿಯಾದರೂ. ಮೊದಲ ಎರಡು ರಾತ್ರಿಗೆ ರೂಮು ಮೊದಲೇ ಕಾದಿರಿಸಿ. ನಿಲ್ದಾಣದಿಂದ ಅಲ್ಲಿಗೆ ಹೋಗುವ ದಾರಿ, ಯಾವ ರೈಲು ಅಥವಾ ಯಾವ ಟ್ಯಾಕ್ಸಿ ಸಾಲು, ಎಷ್ಟು ಹೊತ್ತು, ಅಂದಾಜು ಎಷ್ಟು ದುಡ್ಡು, ಬರೆದಿಟ್ಟುಕೊಳ್ಳಿ. ಹೋಟೆಲ್ ವಿಳಾಸವನ್ನು ಅಲ್ಲಿನ ಲಿಪಿಯಲ್ಲಿ ಕಾಗದದ ಮೇಲೆ ಪ್ರಿಂಟ್ ಮಾಡಿಸಿ, ಫೋನ್ ನಂಬರ್ ಸಮೇತ. ಫೋನ್ ಸತ್ತರೂ ಕಾಗದ ಇರುತ್ತದೆ. ಆ ಊರಿನ ನಕ್ಷೆ, ಅನುವಾದದ ಭಾಷೆ ಎರಡನ್ನೂ ಇಂಟರ್ನೆಟ್ ಇಲ್ಲದೆ ನಡೆಯುವ ಹಾಗೆ ಮೊದಲೇ ಇಳಿಸಿಕೊಳ್ಳಿ.

ರೂಮು ತಲುಪಿದ ಮೇಲೆ ಸುತ್ತಲಿನ ನಾಲ್ಕು ಬೀದಿ ನಡೆದು ಬನ್ನಿ, ಅಷ್ಟು ಸಾಕು. ರಸ್ತೆ ದಾಟುವಾಗ ಎರಡೂ ಕಡೆ ನೋಡಿ. ವಾಹನಗಳು ಯಾವ ಬದಿ ಬರುತ್ತವೆ ಅನ್ನುವ ಅಭ್ಯಾಸ ಮೈಯಲ್ಲಿ ಕೂತಿರುತ್ತದೆ, ತಲೆ ಹೇಳಿದರೂ ಕಣ್ಣು ಕೇಳುವುದಿಲ್ಲ. ಲಂಡನ್ನಿನಲ್ಲಿ ಇದಕ್ಕೇ ರಸ್ತೆಯ ಮೇಲೆ "ಬಲಕ್ಕೆ ನೋಡಿ" ಅಂತ ಬರೆದಿರುತ್ತಾರೆ.

ಹೆಜ್ಜೆ 7: ಖುಷಿಗೆ ಜಾಗ ಬಿಡಿ

ಇಷ್ಟೆಲ್ಲ ತಯಾರಿ ಮಾಡಿದ್ದು ಇದಕ್ಕಾಗಿ. ಇಲ್ಲಿ ನನ್ನ ಸಲಹೆ ತಿರುಗುಮುರುಗು: ಯೋಜನೆ ಕಡಿಮೆ ಮಾಡಿ.

ಒಂದು ದಿನಕ್ಕೆ ಒಂದೇ ದೊಡ್ಡ ಜಾಗ ಇಟ್ಟುಕೊಳ್ಳಿ. ಅದು ತೆರೆದಿದೆಯಾ ಅಂತ ಮಾತ್ರ ನೋಡಿ. ಪ್ಯಾರಿಸ್ಸಿನ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಇನ್ನು ಅನೇಕ ಊರುಗಳ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಉಳಿದ ಹೊತ್ತು ಖಾಲಿ ಇರಲಿ. ಆ ಖಾಲಿ ಹೊತ್ತಿನಲ್ಲಿ ಆ ಊರಿನವರು ದಿನಾ ಮಾಡುವುದನ್ನೇ ಮಾಡಿ. ಉದ್ಯಾನದಲ್ಲಿ ಬೆಳಗ್ಗೆ ಕೂರಿ. ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಅಂಚೆ ಕಚೇರಿಯಲ್ಲಿ ಸಾಲು ನಿಂತು ಮನೆಗೊಂದು ಕಾರ್ಡ್ ಕಳಿಸಿ. ಟ್ರಾಮ್ ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ವಾಪಸ್ ಬನ್ನಿ.

ಟರ್ಕಿಯ ಇಸ್ತಾಂಬುಲ್‌ನಲ್ಲಿ ಎಮಿನೊನು ಕಡೆಯಿಂದ ಕಾದಿಕೊಯ್‌ಗೆ ಹೋಗುವ ದೋಣಿ ಇದೆ. ಯುರೋಪಿನ ದಡದಿಂದ ಏಷ್ಯಾದ ದಡಕ್ಕೆ, ಸುಮಾರು ಇಪ್ಪತ್ತು ನಿಮಿಷ. ಇದು ಊರಿನವರು ಕೆಲಸಕ್ಕೆ ಹೋಗಿ ಬರುವ ದೋಣಿ, ನಗರದ ಸಾರಿಗೆ ಕಾರ್ಡ್ ತೋರಿಸಿದರೆ ಸಾಕು. ಸಂಜೆ ಹೊತ್ತು ಹತ್ತಿದರೆ ಒಳಗಿನ ಬೆಂಚಿನಲ್ಲಿ ಜನ ಫೋನ್ ನೋಡುತ್ತಾ ತೂಕಡಿಸುತ್ತಿರುತ್ತಾರೆ, ಹೊರಗೆ ಕಟಕಟೆಗೆ ಒರಗಿ ನಿಂತವರ ಪಕ್ಕದಲ್ಲೇ ಕಡಲಹಕ್ಕಿಗಳು ದೋಣಿಯ ಜೊತೆ ಹಾರುತ್ತಿರುತ್ತವೆ. ಹಿಂದೆ ಮಸೀದಿಗಳ ಗುಮ್ಮಟಗಳು ಚಿಕ್ಕದಾಗುತ್ತಾ ಹೋಗುತ್ತವೆ. ಪ್ರವಾಸಿಗರಿಗೆ ಅಂತಲೇ ಮಾರುವ ಬಾಸ್ಫರಸ್ ಜಲಸಂಧಿಯ ವಿಹಾರದ ಟಿಕೆಟ್ಟಿಗೆ ಇದಕ್ಕಿಂತ ಎಷ್ಟೋ ಜಾಸ್ತಿ. ನೋಟ ಹೆಚ್ಚು ಕಡಿಮೆ ಅದೇ. ಆದರೆ ಮನೆಗೆ ಹೋಗುತ್ತಿರುವವರ ನಡುವೆ ಕೂತು ನೋಡುವುದು ಬೇರೆಯೇ ಅನುಭವ.

ಭಾಷೆ ಕಲಿಯಲು ಸಮಯ ಇಲ್ಲದಿದ್ದರೂ ಅಂಕಿ ಕಲಿಯಿರಿ. ಈಜಿಪ್ಟಿನಲ್ಲಿ ಗಾಡಿಯ ನಂಬರ್ ಪ್ಲೇಟಿನಲ್ಲಿ, ಬೆಲೆಯ ಚೀಟಿಯಲ್ಲಿ ಅರಬ್ಬಿ ಅಂಕಿಗಳಿರುತ್ತವೆ. ಅಲ್ಲಿ ಸೊನ್ನೆ ಅಂದರೆ ಬರೀ ಒಂದು ಚುಕ್ಕಿ. ನಮಗೆ ಸೊನ್ನೆಯಂತೆ ಕಾಣುವ ಉಂಗುರ ಅಲ್ಲಿ ಐದು. ಇಷ್ಟು ಗೊತ್ತಿಲ್ಲದವರು 50 ಅನ್ನುವುದನ್ನು ಓದಲಾರರು. ಹತ್ತು ಅಂಕಿ ಕಲಿಯಲು ವಿಮಾನದಲ್ಲಿ ಕೂತ ಹೊತ್ತು ಸಾಕು. ಕೊರಿಯನ್ ಲಿಪಿಯಲ್ಲಿ ಮೂಲ ಅಕ್ಷರ 24 ಮಾತ್ರ, ಕೆಲವು ದಿನ ಕೂತರೆ ಮೆಟ್ರೋ ನಿಲ್ದಾಣದ ಹೆಸರು ಓದಬಹುದು. ಗೋಡೆಯ ಮೇಲಿನ ಗೀಚು ಇದ್ದಕ್ಕಿದ್ದಂತೆ ಹೆಸರಾಗಿ ಕಾಣುವ ಆ ಕ್ಷಣದ ಖುಷಿ ದೊಡ್ಡದು. ಮಗುವಾಗಿದ್ದಾಗ ಬಸ್ಸಿನ ಬೋರ್ಡು ಮೊದಲ ಸಲ ಓದಿದಾಗ ಆದ ಖುಷಿಯೇ ಇದು. ದೊಡ್ಡವರಾದ ಮೇಲೆ ಅದು ಮತ್ತೆ ಸಿಗುವುದು ಅಪರೂಪ.

ಮತ್ತೆ, ಊರು ಕಡಿಮೆ ಮಾಡಿ. ಹತ್ತು ದಿನಕ್ಕೆ ಐದು ಊರು ಅಂದರೆ ಅರ್ಧ ರಜೆ ಚೀಲ ಕಟ್ಟುವುದರಲ್ಲೇ ಹೋಗುತ್ತದೆ. ಎರಡು ಊರು ಸಾಕು. ಮೂರನೇ ದಿನ ಮೂಲೆಯಂಗಡಿಯವರು ನಿಮ್ಮನ್ನು ನೋಡಿ ತಲೆಯಾಡಿಸುತ್ತಾರೆ. ಆಮೇಲೆ ಆ ಬೀದಿ ಪೂರ್ತಿ ಪರಕೀಯ ಅನಿಸುವುದಿಲ್ಲ.

ಹೆಜ್ಜೆ 8: ಯಾರನ್ನು ನಂಬುವುದು

ಇದು ಎಲ್ಲರಿಗೂ ಕಷ್ಟದ ಪ್ರಶ್ನೆ. ಎಲ್ಲರನ್ನೂ ನಂಬಿದರೆ ಮೋಸ, ಯಾರನ್ನೂ ನಂಬದಿದ್ದರೆ ಹೋಗಿದ್ದೇ ವ್ಯರ್ಥ. ನನಗೆ ಉಪಯೋಗಕ್ಕೆ ಬಂದ ಪರೀಕ್ಷೆ ಒಂದೇ: ಮಾತು ಶುರು ಮಾಡಿದ್ದು ಯಾರು? ದಾರಿ ಕೇಳಲು ನೀವೇ ಆರಿಸಿಕೊಂಡ ವ್ಯಕ್ತಿ, ಅಂದರೆ ಮಗುವಿನ ಕೈ ಹಿಡಿದು ಹೋಗುತ್ತಿರುವ ತಾಯಿ, ಔಷಧ ಅಂಗಡಿಯವರು, ಬಸ್ಸಿಗೆ ಕಾಯುವ ವಿದ್ಯಾರ್ಥಿ, ಮೋಸ ಮಾಡುವ ಸಾಧ್ಯತೆ ತೀರಾ ಕಡಿಮೆ. ಪ್ರವಾಸಿ ಜಾಗದ ಬಾಗಿಲಲ್ಲಿ ತಾವಾಗಿಯೇ ಬಂದು ಚೆನ್ನಾಗಿ ಇಂಗ್ಲಿಷ್ ಮಾತಾಡುವವರ ವಿಷಯದಲ್ಲಿ ನಿಧಾನ ಮಾಡಿ.

ಬ್ಯಾಂಕಾಕ್‌ನ ಅರಮನೆಯ ಹತ್ತಿರ "ಇವತ್ತು ಅರಮನೆ ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ" ಅನ್ನುವುದು ಹಳೆಯ ಉಪಾಯ. ಕೊನೆಗೆ ಕರೆದೊಯ್ಯುವುದು ಒಡವೆ ಅಂಗಡಿಗೆ. ಇಂಥದ್ದನ್ನು ಕೇಳಿದರೆ ಮುಖ್ಯ ಬಾಗಿಲಿಗೇ ನಡೆದು ಹೋಗಿ ಕಣ್ಣಾರೆ ನೋಡಿ. ಸಾದಾ ಬಟ್ಟೆಯಲ್ಲಿ ಬಂದು "ಪೊಲೀಸ್, ಪರ್ಸ್ ತೋರಿಸಿ" ಅನ್ನುವವರಿಗೆ ಪರ್ಸ್ ಕೊಡಬೇಡಿ, ಠಾಣೆಗೆ ಹೋಗೋಣ ಅನ್ನಿ. ಅವಸರ ಮಾಡಿಸುವುದು ಎಲ್ಲ ಮೋಸಗಳ ಒಂದೇ ಗುಣ. ನಿಜವಾಗಿ ಸಹಾಯ ಮಾಡುವವರು ನೀವು ಯೋಚಿಸುವವರೆಗೆ ಕಾಯುತ್ತಾರೆ.

ಚಿಕ್ಕಪುಟ್ಟ ಮೋಸ ಆಗಿಬಿಟ್ಟರೆ, ಆಟೋದವರು ಎರಡು ಪಟ್ಟು ತೆಗೆದುಕೊಂಡರೆ, ಅದನ್ನು ಅಲ್ಲಿಗೇ ಬಿಡಿ. ಆ ಕೋಪವನ್ನು ಮುಂದೆ ಸಿಗುವ ಎಲ್ಲರ ಮೇಲೂ ಹೊತ್ತುಕೊಂಡು ಹೋದರೆ ನಷ್ಟ ದೊಡ್ಡದು.

ಹೆಜ್ಜೆ 9: ಮಧ್ಯದಲ್ಲಿ ಬರುವ ಬೇಸರ

ಮೊದಲ ಕೆಲವು ದಿನ ಎಲ್ಲವೂ ಚಂದ. ಆಮೇಲೆ ಒಂದು ದಿನ, ಕಾರಣವೇ ಇಲ್ಲದೆ, ಎಲ್ಲವೂ ಕಿರಿಕಿರಿ ಅನಿಸುತ್ತದೆ. ಬಾಗಿಲು ತೆರೆಯುವ ರೀತಿ, ಸಾಲಿನಲ್ಲಿ ನಿಲ್ಲುವ ರೀತಿ, ಎಲ್ಲ ತಪ್ಪು ಅನಿಸುತ್ತದೆ. ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣದಲ್ಲಿ ಇದನ್ನೇ ವಿವರಿಸಿದರು: ಮೊದಲು ಮಧುಚಂದ್ರದ ಹಂತ, ಆಮೇಲೆ ಆ ದೇಶದ ಮೇಲೇ ಸಿಟ್ಟು, ನಂತರ ನಿಧಾನವಾಗಿ ಚೇತರಿಕೆ. ಅವರು ಹೇಳಿದ್ದು ದೀರ್ಘಕಾಲ ನೆಲೆಸಲು ಹೋದವರ ಬಗ್ಗೆ. ಚಿಕ್ಕ ಪ್ರವಾಸದಲ್ಲೂ ಇದರ ಚಿಕ್ಕ ರೂಪ ಕಾಣಿಸುತ್ತದೆ.

ದಿನವಿಡೀ ಪ್ರತಿಯೊಂದನ್ನೂ ಹೊಸದಾಗಿ ಯೋಚಿಸಿ ಮಾಡುವುದರಿಂದ ಬರುವ ದಣಿವು ಇದು. ಇದಕ್ಕೆ ದೇಶವನ್ನೂ ಬೈಯಬೇಡಿ, ನಿಮ್ಮನ್ನೂ ಬೈದುಕೊಳ್ಳಬೇಡಿ. ಐದಾರು ದಿನಕ್ಕೊಂದು ಪೂರ್ತಿ ಖಾಲಿ ದಿನ ಮೊದಲೇ ಇಟ್ಟುಕೊಂಡಿರಿ. ಬಟ್ಟೆ ಒಗೆಯಿರಿ, ನಿದ್ದೆ ಮಾಡಿ, ಮನೆಯವರ ಜೊತೆ ನಿಮ್ಮ ಭಾಷೆಯಲ್ಲಿ ಒಂದು ಗಂಟೆ ಮಾತಾಡಿ. ಜೊತೆಗಿರುವವರಿಂದಲೂ ಆ ದಿನ ಸ್ವಲ್ಪ ದೂರ ಇರಿ. ಬೆಳಗ್ಗೆ ಬೇರೆ ಬೇರೆ ಹೋಗಿ ಸಂಜೆ ಸೇರಿದರೆ ಇಬ್ಬರಿಗೂ ಹೇಳಲು ಏನಾದರೂ ಇರುತ್ತದೆ.

ಹೆಜ್ಜೆ 10: ಕೆಟ್ಟದ್ದು ಆಗಿಯೇಬಿಟ್ಟರೆ

ತುರ್ತು ನಂಬರನ್ನು ಮೊದಲ ದಿನವೇ ಬರೆದುಕೊಳ್ಳಿ. ಯುರೋಪಿನ ಒಕ್ಕೂಟದ ದೇಶಗಳಲ್ಲಿ 112, ಅಮೆರಿಕ ಮತ್ತು ಕೆನಡಾದಲ್ಲಿ 911. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಬೆಂಕಿಗೆ 119.

ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ನಿಮ್ಮ ದೇಶದ ರಾಯಭಾರ ಕಚೇರಿ. ಪಾಸ್‌ಪೋರ್ಟಿನ ಫೋಟೋ ಇಮೇಲ್‌ನಲ್ಲಿ, ನಾಲ್ಕು ಭಾವಚಿತ್ರ ಚೀಲದಲ್ಲಿ ಇದ್ದರೆ ಕೆಲಸ ಬೇಗ. ರಾಯಭಾರ ಕಚೇರಿ ತುರ್ತು ಪ್ರಯಾಣ ಪತ್ರ ಕೊಡಬಲ್ಲದು, ವಕೀಲರ ಪಟ್ಟಿ ಕೊಡಬಲ್ಲದು. ಜೈಲಿನಿಂದ ಬಿಡಿಸುವುದು, ಆಸ್ಪತ್ರೆಯ ಬಿಲ್ ಕಟ್ಟುವುದು ಅದರ ಕೆಲಸ ಅಲ್ಲ. ಆದರೆ ನಿಮ್ಮನ್ನು ಬಂಧಿಸಿದರೆ ನಿಮ್ಮ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. ಅದನ್ನು ಕೇಳಿ.

ಲಗೇಜು ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ ಅದರ ಪ್ರತಿ ಇಟ್ಟುಕೊಳ್ಳಿ. ವಿಮಾನ ಪ್ರಯಾಣದ ಬಗೆಗಿನ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾಳಾದ ಚೀಲಕ್ಕೆ ಅದು ಕೈಸೇರಿದ 7 ದಿನದೊಳಗೆ, ತಡವಾಗಿ ಬಂದ ಚೀಲಕ್ಕೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು.

ಇನ್ನು ಅರ್ಧದಲ್ಲೇ ವಾಪಸ್ ಬರಬೇಕು ಅನಿಸಿದರೆ? ಕೆಲವು ಕಾರಣಗಳಿಗೆ ಯೋಚನೆಯೇ ಬೇಡ: ಊರಿನಲ್ಲಿ ಗಲಭೆ ಹಬ್ಬುತ್ತಿದೆ, ಯಾರೋ ಹಿಂಬಾಲಿಸುತ್ತಿದ್ದಾರೆ, ಜ್ವರ ಇಳಿಯುತ್ತಿಲ್ಲ, ನಿಮ್ಮ ಸರ್ಕಾರ ಹೊರಟು ಬನ್ನಿ ಅನ್ನುತ್ತಿದೆ. ಸರ್ಕಾರದ ಎಚ್ಚರಿಕೆ ಮೀರಿ ಉಳಿದರೆ ವಿಮೆಯೂ ನಡೆಯದೇ ಹೋಗಬಹುದು. ಬರೀ ಬೇಸರ, ಒಂಟಿತನ, ಸುಸ್ತು ಆಗಿದ್ದರೆ ಮೊದಲು ಊರು ಬದಲಿಸಿ. ದೊಡ್ಡ ನಗರದಿಂದ ಚಿಕ್ಕ ಊರಿಗೆ ಹೋಗಿ ಎರಡು ರಾತ್ರಿ ಚೆನ್ನಾಗಿ ಮಲಗಿ. ಆಮೇಲೂ ಹಾಗೇ ಅನಿಸಿದರೆ ಸಂಕೋಚವಿಲ್ಲದೆ ಟಿಕೆಟ್ ಬದಲಿಸಿ. ಕಾಯಿಲೆಯ ಕಾರಣಕ್ಕೆ ಬರುವುದಾದರೆ ಹೊಸ ಟಿಕೆಟ್ ಕೊಳ್ಳುವ ಮೊದಲು ವಿಮೆಯವರಿಗೆ ಫೋನ್ ಮಾಡಿ, ವೈದ್ಯರಿಂದ ಚೀಟಿ ಬರೆಸಿಕೊಳ್ಳಿ. ಅವರಿಗೆ ತಿಳಿಸದೆ ಮಾಡಿದ ಖರ್ಚು ವಾಪಸ್ ಸಿಗುವುದು ಕಷ್ಟ.